ನಿಮ್ಮ ‘ಓರೆಗಣ್ಣು’ ಅಂಕಣ ಓದಿದೆ

ಪ್ರಿಯ ಗೆಳೆಯರೇ,

ನೀವು ಕಳಿಸಿದ ಎಂಟು ಪುಟಗಳನ್ನು ಎರಡು ಸಲ ಓದಿದೆ. ಒಮ್ಮೆ ಆಫೀಸಿನಲ್ಲಿ, ಇನ್ನೊಮ್ಮೆ ರಾತ್ರಿ ಊಟ ಆದ ಮೇಲೆ ಮನೆಯಲ್ಲಿ. ನೇರವಾಗಿ ಹೇಳಿಬಿಡುತ್ತೇನೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನಿಮ್ಮನ್ನು ಬಿಟ್ಟುಕೊಡುವುದಕ್ಕೂ ಮನಸ್ಸಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಜೊತೆಗಿದ್ದ ಚೀಟಿಯಲ್ಲಿ ಹೀಗೆ ಬರೆದಿದ್ದೀರಿ: ‘ನಾನು ಸಂಪ್ರದಾಯ ಉಳಿಯಬೇಕು ಅನ್ನುವವನು. ನನ್ನಂಥವರ ಮಾತನ್ನು ಯಾವ ಸಂಪಾದಕರೂ ಹಾಕೋದಿಲ್ಲ.’ ಆ ಕಾರಣಕ್ಕೆ ಬರಹ ವಾಪಸ್ ಬರುತ್ತಿದೆ ಅಂದುಕೊಳ್ಳಬೇಡಿ. ತುಮಕೂರಿನಲ್ಲಿ ನಿಮ್ಮ ಹಾಗೆ ಯೋಚಿಸುವ ಜನ ಬೇಕಾದಷ್ಟಿದ್ದಾರೆ. ಆ ಯೋಚನೆಯನ್ನು ಚೆನ್ನಾಗಿ ಬರೆಯುವವರು ಕಮ್ಮಿ. ನನಗೆ ಅಂಥವರು ಬೇಕು. ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿವಿಜಿಯವರನ್ನೇ ನೋಡಿ. ಹಳೆಯದರ ಮೇಲೆ ಅವರಿಗೆ ಎಷ್ಟು ಪ್ರೀತಿ ಇತ್ತು! ಪತ್ರಿಕೆಯನ್ನೂ ನಡೆಸಿದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದ್ದು, ಜನ ಒಂದು ಕಡೆ ಕೂತು ಓದಿ, ದೇಶದ ವಿಷಯ ಮಾತಾಡಲಿ ಅಂತ. ನೀವು ಹಿಡಿದಿರುವ ದಾರಿಯಲ್ಲಿ ಅಂಥವರು ನಡೆದಿದ್ದಾರೆ.

ಈಗ ಬರಹಕ್ಕೆ ಬರೋಣ.

ಎರಡನೇ ಪುಟದಲ್ಲಿ ಅನ್ನಭಾಗ್ಯದ ಬಗ್ಗೆ ಬರೆಯುತ್ತಾ ‘ಬಿಟ್ಟಿ ಅನ್ನ ತಿಂದ ಕೈ ದುಡಿಯೋದನ್ನು ಮರೆಯುತ್ತೆ’ ಅಂದಿದ್ದೀರಿ. ಐದನೇ ಪುಟದಲ್ಲಿ ಸಿದ್ಧಗಂಗೆಯ ದಾಸೋಹವನ್ನು ಮನಸಾರೆ ಹೊಗಳಿದ್ದೀರಿ. ಅಲ್ಲಿ ಉಂಡು ಓದಿದ ಸಾವಿರಾರು ಮಕ್ಕಳು ಮೇಲೆ ಬಂದರು ಅಂತೀರಿ. ಓದುಗರು ತಕ್ಷಣ ಕೇಳುತ್ತಾರೆ: ಅಲ್ಲಿ ಉಂಡವರ ಕೈ ಯಾಕೆ ದುಡಿಯೋದನ್ನು ಮರೆಯಲಿಲ್ಲ? ಎರಡೂ ಪುಕ್ಕಟೆ ಅನ್ನವೇ ಅಲ್ವಾ?

ನಿಮ್ಮ ಹತ್ತಿರ ಉತ್ತರ ಇದೆ ಅಂತ ನನಗೆ ಗೊತ್ತು. ಅದನ್ನು ಬರೆದಿಲ್ಲ, ಅಷ್ಟೇ. ಮಠದ ಅನ್ನದ ಹಿಂದೆ ಹಳ್ಳಿಹಳ್ಳಿಯ ರೈತರು ಕೊಟ್ಟ ರಾಗಿ, ಅಕ್ಕಿ, ಕಾಯಿ ಇತ್ತು. ಕೊಟ್ಟವನಿಗೆ ‘ನಾನೂ ನಾಲ್ಕು ಮಕ್ಕಳಿಗೆ ಊಟ ಹಾಕಿದೆ’ ಅನ್ನುವ ತೃಪ್ತಿ ಇತ್ತು. ಉಂಡವನು ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂರಬೇಕಿತ್ತು, ಕೆಲಸ ಹಂಚಿಕೊಳ್ಳಬೇಕಿತ್ತು. ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ ಆ ರಸ್ತೆಯಲ್ಲಿ ನಿಂತು ಅತ್ತವರಲ್ಲಿ ಕೊಟ್ಟವರೂ ಇದ್ದರು, ಉಂಡವರೂ ಇದ್ದರು. ಸರ್ಕಾರದ ಅಕ್ಕಿಯಲ್ಲಿ ಈ ನಂಟು ಇಲ್ಲ ಅನ್ನುವುದು ನಿಮ್ಮ ವಾದ ಆಗಬಹುದು. ಆಗ ಇನ್ನೊಬ್ಬರು ಕೇಳುತ್ತಾರೆ, ಮಠ ಇಲ್ಲದ ಊರಿನಲ್ಲಿ ಹಸಿದವರು ಏನು ಮಾಡಬೇಕು? ಅದಕ್ಕೂ ನೀವು ಉತ್ತರ ಕೊಡಬೇಕು. ಇದನ್ನು ಬಿಡಿಸಿ ಬರೆದರೆ ಅದೊಂದೇ ನಾಲ್ಕು ವಾರದ ಅಂಕಣಕ್ಕೆ ಸಾಕು. ನೀವು ಅದನ್ನು ಒಂದು ಚುಚ್ಚುಮಾತಿಗೆ ಕೊಟ್ಟು ಮುಗಿಸಿಬಿಟ್ಟಿದ್ದೀರಿ.

ಹೆಂಗಸರಿಗೆ ಪುಕ್ಕಟೆ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಯ ಪುಟವನ್ನು ಪೂರ್ತಿ ತೆಗೆಯಿರಿ. ಅದರಲ್ಲಿ ಎರಡು ತಪ್ಪಿವೆ. ಮೊದಲನೆಯದು ಸಣ್ಣದು. ‘ಐರಾವತದಲ್ಲೂ ಬಿಟ್ಟಿ’ ಅಂತ ಬರೆದಿದ್ದೀರಿ. 2023ರ ಜೂನ್ 11ರಂದು ಶುರುವಾದ ಈ ಯೋಜನೆ ಐಷಾರಾಮಿ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಒಂದು ಸಲ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದರೆ ಗೊತ್ತಾಗುತ್ತಿತ್ತು. ಎರಡನೆಯದು ದೊಡ್ಡ ತಪ್ಪು. ಹೆಂಗಸರು ಸುಮ್ನೆ ಸುತ್ತೋದಕ್ಕೆ ಬಸ್ ಹತ್ತುತ್ತಾರೆ ಅನ್ನುವ ಆ ಹಾಸ್ಯ. ಅದು ನಿಮ್ಮದೂ ಅಲ್ಲ, ಎಲ್ಲರ ಮೊಬೈಲಿನಲ್ಲೂ ಓಡಾಡಿದ್ದು. ಬೆಳಿಗ್ಗೆ ಏಳು ಗಂಟೆಗೆ ಗುಬ್ಬಿ ಕಡೆಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ನಾನು ಆಗಾಗ ಬರುತ್ತೇನೆ. ಹೋದ ವಾರ ಪಕ್ಕದ ಸೀಟಿನಲ್ಲಿದ್ದ ತಾಯಿಯೊಬ್ಬರು ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕುಪ್ಪಸದೊಳಗೆ ಇಟ್ಟುಕೊಂಡಿದ್ದರು. ಕಂಡಕ್ಟರ್ ಕೊಟ್ಟ ಟಿಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಬಳೆಯ ಸಂದಿಗೆ ಸಿಕ್ಕಿಸಿಕೊಂಡರು. ತೊಡೆಯ ಮೇಲೆ ಊಟದ ಡಬ್ಬಿ. ಎರಡು ಮನೆ ಕೆಲಸ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೋಗುತ್ತಾರಂತೆ. ಯೋಜನೆಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳಿ. ಬಸ್ಸು ಸಾಲುತ್ತಿದೆಯಾ, ರಸ್ತೆ ರಿಪೇರಿಗೆ ಹಣ ಉಳಿದಿದೆಯಾ ಅಂತ ಕೇಳಿ. ಅದು ನಿಮ್ಮ ಹಕ್ಕು, ನಾನು ಒಂದು ಅಕ್ಷರ ತೆಗೆಯುವುದಿಲ್ಲ. ಆ ತಾಯಿಯನ್ನು ಆಡಿಕೊಳ್ಳುವ ಸಾಲು ಮಾತ್ರ ನಮ್ಮಲ್ಲಿ ಬರುವುದಿಲ್ಲ.

ಕ್ರಿಕೆಟ್ಟಿನ ಭಾಗದಲ್ಲಿ ನಿಮ್ಮ ಒಳ್ಳೆಯ ಸಾಲೂ ಇದೆ, ಕೆಟ್ಟ ಸಾಲೂ ಇದೆ. 2023ರಲ್ಲಿ ಐಪಿಎಲ್‌ಗೆ ಬಂದ, ಆಟದ ಮಧ್ಯೆ ಒಬ್ಬ ಆಟಗಾರನ ಬದಲು ಇನ್ನೊಬ್ಬನನ್ನು ಇಳಿಸಲು ಬಿಡುವ ಇಂಪ್ಯಾಕ್ಟ್ ಪ್ಲೇಯರ್ ನಿಯಮದ ಬಗ್ಗೆ ‘ಬೌಲಿಂಗ್ ಬರದವನಿಗೆ ಬೌಲಿಂಗ್ ಕಲಿಯುವ ಕಷ್ಟ ತಪ್ಪಿಸಿದರು’ ಅಂದಿದ್ದೀರಿ. ಇದು ಅಪ್ಪಟ ನಿಮ್ಮ ಮಾತು. ಆಲ್‌ರೌಂಡರ್ ಆಗಬೇಕಾದ ಹುಡುಗನಿಗೆ ಏನು ನಷ್ಟ ಅಂತ ಒಂದೇ ಸಾಲಿನಲ್ಲಿ ತಿಳಿಯುತ್ತೆ. ನಗುವೂ ಬಂತು. ಆಟ ಗೊತ್ತಿರುವವನು ಮಾತ್ರ ಬರೆಯುವ ಸಾಲು ಅದು.

ಕೆಟ್ಟ ಸಾಲು ಯಾವುದು ಅಂತ ನಿಮಗೂ ಗೊತ್ತಿರಬೇಕು. ಆರ್‌ಸಿಬಿ 2025ರ ಜೂನ್ 3ರಂದು ಮೊದಲ ಸಲ ಐಪಿಎಲ್ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ನೀವು ಆ ಗುಂಪನ್ನು ಕುರಿಮಂದೆ ಅಂತ ಕರೆದು ಮುಂದಕ್ಕೆ ಹೋಗಿದ್ದೀರಿ. ಮಗನ ಹೆಣ ತಂದ ಮನೆಯವರು ನಮ್ಮ ಪತ್ರಿಕೆ ತಿರುವಿ ಈ ಸಾಲು ಓದಿದರೆ ನಾನು ಅವರ ಮುಖ ನೋಡಲು ಆಗುತ್ತಾ? ಅಷ್ಟು ಜನರನ್ನು ಅವಸರವಾಗಿ ಸೇರಿಸಿದ್ದು ಯಾಕೆ, ಹೊಣೆ ಯಾರದು ಅಂತ ಕೇಳಿ. ಕ್ರಮ, ಶಿಸ್ತು ಬೇಕು ಅನ್ನುವವರು ನೀವು. ಆ ಪ್ರಶ್ನೆ ಎಲ್ಲರಿಗಿಂತ ಮೊದಲು ನಿಮ್ಮಿಂದ ಬರಬೇಕಿತ್ತು.

ಇನ್ನೊಂದು ವಿಷಯ. ನಿಮಗೆ ಮೂವತ್ತೆರಡು ವರ್ಷ ಅಂತ ಬರೆದಿದ್ದೀರಿ. ಎಂಟು ಪುಟದಲ್ಲಿ ‘ನಮ್ಮ ಕಾಲದಲ್ಲಿ’ ಅಂತ ಹನ್ನೆರಡು ಸಲ ಬಂದಿದೆ, ಎಣಿಸಿದೆ. 1974ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದದ್ದನ್ನು ನೀವೇ ನೋಡಿದ ಹಾಗೆ ವರ್ಣಿಸಿದ್ದೀರಿ. ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಸೆಮಿಫೈನಲ್‌ನಲ್ಲಿ ತಡೆದದ್ದು, ವಿಶ್ವನಾಥ್ 162 ಹೊಡೆದದ್ದು, ಎಲ್ಲ ಸರಿ. ಆದರೆ ಅದು ನಿಮ್ಮ ತಾತನ ನೆನಪು. ತಾತನ ನೆನಪು ಅಂತಲೇ ಹೇಳಿ, ರೇಡಿಯೋ ಪಕ್ಕದಲ್ಲಿ ಅವರನ್ನು ಕೂರಿಸಿ, ಆಗ ಜೀವ ಬರುತ್ತೆ. ನಿಮ್ಮ ಕಣ್ಣೆದುರೇ ಕರ್ನಾಟಕ 2014ರಲ್ಲಿ, 2015ರಲ್ಲಿ ಬೆನ್ನುಬೆನ್ನಿಗೆ ರಣಜಿ ಗೆದ್ದಿತು. ದಾವಣಗೆರೆಯ ವಿನಯ್ ಕುಮಾರ್ ನಾಯಕ. ಎರಡನೇ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ 328 ಹೊಡೆದರು. ಆಗ ನೀವು ಇಪ್ಪತ್ತರ ಆಸುಪಾಸಿನ ಹುಡುಗ. ಅದರ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮದೇ ಆದ ಒಳ್ಳೆಯ ಕಾಲವನ್ನು ಬಿಟ್ಟು ಬೇರೆಯವರ ಕಾಲ ಯಾಕೆ ಕಡ ತರುತ್ತೀರಿ?

ಈಗ ನಾನು ಪತ್ರ ಬರೆಯಲು ಕೂತ ಕಾರಣ ಹೇಳುತ್ತೇನೆ. ಏಳನೇ ಪುಟದ ಕೆಳಗೆ, ಟಿವಿ ರಿಯಾಲಿಟಿ ಶೋಗಳನ್ನು ಬೈಯುವ ಮಧ್ಯೆ, ಐದು ಸಾಲು ಬಂದಿವೆ. ನಿಮ್ಮ ಊರಿನ ಪೌರಾಣಿಕ ನಾಟಕದಲ್ಲಿ ಅಪ್ಪ ಕರ್ಣನ ಪಾತ್ರ ಮಾಡಿದ ಕಥೆ. ‘ತ್ರೀ ಫೇಸ್ ಕರೆಂಟ್ ರಾತ್ರಿ ಹನ್ನೊಂದಕ್ಕೆ ಬರುತ್ತಿತ್ತು. ಅಪ್ಪ ಮೋಟರ್ ಹಾಕಿ, ತೋಟಕ್ಕೆ ನೀರು ಕಟ್ಟುತ್ತಾ ಕರ್ಣನ ಮಾತು ಕಂಠಪಾಠ ಮಾಡುತ್ತಿದ್ದರು. ಕರೆಂಟ್ ಹೋದರೆ ಮೋಟರ್ ನಿಲ್ಲುತ್ತಿತ್ತು, ಕರ್ಣ ನಿಲ್ಲುತ್ತಿರಲಿಲ್ಲ.’

ಇದನ್ನು ಓದಿ ನಾನು ಪುಟ ಕೆಳಗಿಟ್ಟೆ. ಸ್ವಲ್ಪ ಹೊತ್ತು ಬೇರೇನೂ ಓದಲು ಆಗಲಿಲ್ಲ.

ಗುಬ್ಬಿ ವೀರಣ್ಣನವರ ಜಿಲ್ಲೆ ಇದು. ಇಲ್ಲಿ ರೈತ ತನ್ನ ಕೈಯಿಂದ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾನೆ. ದುರ್ಯೋಧನನಿಗೆ ಒಂದು ರೇಟು, ಸೈನಿಕನಿಗೆ ಒಂದು ರೇಟು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಿನಲ್ಲೇ ಇದ್ದು ಹಾಡು ಕಲಿಸುತ್ತಾರೆ. ಸೀನರಿ, ಡ್ರೆಸ್ಸು, ಲೈಟು ಎಲ್ಲ ಬಾಡಿಗೆಗೆ ಬರುತ್ತೆ. ಒಂದು ರಾತ್ರಿಯ ಆಟಕ್ಕೆ ಒಂದು ಬೆಳೆಯ ಲಾಭ ಹೋದರೂ ಯಾರೂ ಕೊರಗುವುದಿಲ್ಲ. ಸರ್ಕಾರ ಕೇಳಿ ಮಾಡಿಸಿದ್ದಲ್ಲ, ಕಂಪನಿ ದುಡ್ಡು ಹಾಕಿದ್ದಲ್ಲ. ಜನ ತಾವೇ ಹೊತ್ತು ತಂದದ್ದು. ನೀವು ಉಳಿಯಬೇಕು ಅನ್ನುವ ಸಂಪ್ರದಾಯ ನಿಮ್ಮ ಮನೆಯ ತೋಟದಲ್ಲೇ, ಕತ್ತಲಲ್ಲಿ, ಕೆಸರು ಕಾಲಿನಲ್ಲಿ ನಿಂತಿದೆ. ಅದನ್ನು ಐದು ಸಾಲಿಗೆ ಬಿಟ್ಟು, ಯಾರೋ ಟಿವಿಯವರನ್ನು ಎರಡು ಪುಟ ಬೈದಿದ್ದೀರಿ. ನನಗೆ ಇದು ನಿಜವಾಗಲೂ ನೋವಾಯಿತು. ಉಳಿಯಬೇಕಾದ್ದನ್ನು ಓದುಗರು ಮೊದಲು ಕಣ್ಣಾರೆ ನೋಡಲಿ. ಅದರ ಮೇಲೆ ಅವರಿಗೂ ಪ್ರೀತಿ ಬಂದರೆ, ಅದನ್ನು ಕೆಡಿಸಿದವರಿಗೆ ನೀವು ಕೊಡುವ ಒಂದೇ ಒಂದು ಪೆಟ್ಟು ಸಾಕು.

ರಾಜಕೀಯ ಬಿಡಿ ಅನ್ನುತ್ತಿಲ್ಲ. ದೆಹಲಿಯ ಬಗ್ಗೆ ಮೂರು ಪುಟ ಬರೆದಿದ್ದೀರಿ, ಅದರಲ್ಲಿ ಹೊಸದೇನೂ ನನಗೆ ಸಿಗಲಿಲ್ಲ. ಇಲ್ಲಿನ ವಿಷಯ ತೆಗೆದುಕೊಳ್ಳಿ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆಯಿತು. ಒಂದಕ್ಕಿಂತ ಹೆಚ್ಚು ಪಕ್ಷ ಈ ನಡುವೆ ಸರ್ಕಾರ ನಡೆಸಿದೆ. ಕಟ್ಟಿದ ವ್ಯವಸ್ಥೆ ಹಾಳಾಗಬಾರದು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೇ? ಹೇಮಾವತಿ ನೀರನ್ನು ನೇರ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ ನಿಮ್ಮ ತಾಲ್ಲೂಕಿನ ರೈತರೇ ಬೀದಿಗೆ ಇಳಿದರು. ನೀವು ಎಪಿಎಂಸಿ ಯಾರ್ಡ್‌ನಲ್ಲಿ ಲೆಕ್ಕ ಬರೆಯುವವರು, ಅಡಿಕೆ ತರುವ ರೈತರ ಬಾಯಲ್ಲಿ ದಿನಾ ಈ ಮಾತು ಕೇಳುತ್ತೀರಿ. ಬರಹದಲ್ಲಿ ಮಾತ್ರ ಅದು ಕಾಣಲಿಲ್ಲ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅವನತಿಯ ಪರಾಕಾಷ್ಠೆ’, ‘ಸಾಂಸ್ಕೃತಿಕ ಅಧಃಪತನ’ ಇಂಥವನ್ನು ಹೊಡೆದುಹಾಕಿ. ಮೋಟರಿನ ಸಾಲು ಬರೆದ ಕೈಗೆ ಇವು ಬೇಡ.

ಆ ಐದು ಸಾಲನ್ನು ಆರುನೂರು ಪದ ಮಾಡಿ ಕಳಿಸಿ. ಬರುವ ತಿಂಗಳ ಮೊದಲ ವಾರ ಜಾಗ ಇಟ್ಟಿರುತ್ತೇನೆ. ಕರ್ಣನ ಪಾತ್ರಕ್ಕೆ ಅಪ್ಪ ಎಷ್ಟು ದುಡ್ಡು ಕಟ್ಟಿದರು, ಅದಕ್ಕೆ ಅಮ್ಮ ಏನಂದರು, ಹಾರ್ಮೋನಿಯಂ ಮೇಷ್ಟ್ರು ಯಾರ ಮನೆಯಲ್ಲಿ ಉಳಿದಿದ್ದರು, ಇದೆಲ್ಲ ಬೇಕು. ಕರೆಂಟ್ ಹೋದ ಆ ರಾತ್ರಿ ಅಪ್ಪ ಕರ್ಣನ ಯಾವ ಮಾತು ಹೇಳುತ್ತಿದ್ದರು ಅನ್ನುವುದನ್ನೂ ನೀವು ಬರೆದಿಲ್ಲ. ಅವರಿಗೆ ಈಗಲೂ ನೆನಪಿರುತ್ತೆ. ಪಕ್ಕದಲ್ಲಿ ಕೂತು, ಒಂದು ಸಲ ಹೇಳಿಸಿ ಬರೆದುಕೊಳ್ಳಿ.

ನಿಮ್ಮ
ಸಂಪಾದಕ