ಪ್ಲೇಟ್‌ಲೆಟ್ ಯಾಕೆ ಫ್ರಿಜ್ಜಿನಲ್ಲಿ ಇಡುವುದಿಲ್ಲ?

ಓದುಗರ ಪತ್ರ: ಹೋದ ಮಳೆಗಾಲ ನನ್ನ ತಂಗಿ ಮಗನಿಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಕೌಂಟ್ 18,000ಕ್ಕೆ ಇಳಿಯಿತು. ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯವರು ಪ್ಲೇಟ್‌ಲೆಟ್ ತಂದುಕೊಡಿ ಎಂದರು. ಎಷ್ಟು ಬ್ಲಡ್ ಬ್ಯಾಂಕ್ ಅಲೆದರೂ ಸ್ಟಾಕ್ ಇಲ್ಲ ಎಂಬ ಉತ್ತರವೇ. ಎರಡು ವಾರದ ಹಿಂದಷ್ಟೇ ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಇನ್ನೂರು ಜನ ರಕ್ತ ಕೊಟ್ಟಿದ್ದೆವು. ಅದೆಲ್ಲ ಎಲ್ಲಿ ಹೋಯಿತು? ವೀರ್ಯ, ಅಂಡಾಣು ಎಲ್ಲ ವರ್ಷಗಟ್ಟಲೆ ಫ್ರೀಜ್ ಮಾಡಿಡುವ ಕಾಲದಲ್ಲಿ ಪ್ಲೇಟ್‌ಲೆಟ್ ಯಾಕೆ ಆಗುವುದಿಲ್ಲ? ನಮ್ಮದನ್ನು ನಾವೇ ಮೊದಲೇ ತೆಗೆಸಿಟ್ಟುಕೊಳ್ಳಬಹುದಲ್ವಾ? ಕೊನೆಗೆ ನಮ್ಮ ಯಜಮಾನರು ಕೊಡಲು ಹೋದರೆ, ಹಿಂದಿನ ದಿನ ತಲೆನೋವಿಗೆ ಡಿಸ್ಪ್ರಿನ್ ತಗೊಂಡಿದ್ದೀರಿ ಎಂದು ವಾಪಸ್ ಕಳಿಸಿದರು. ಒಂದು ಮಾತ್ರೆಗೆ ಇಷ್ಟೊಂದು ರಗಳೆಯೇ? ಹುಡುಗ ಈಗ ಚೆನ್ನಾಗಿದ್ದಾನೆ. ನನ್ನ ಸಿಟ್ಟು ಮಾತ್ರ ಇಳಿದಿಲ್ಲ.
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಸಂಪಾದಕರ ಉತ್ತರ:

ಹುಡುಗ ಚೆನ್ನಾಗಿದ್ದಾನೆ ಎಂದು ಓದಿ ನಿರಾಳವಾಯಿತು. ಸಿಟ್ಟು ಬಂದದ್ದು ಸಹಜ. ಆದರೆ ಆ ಸಿಟ್ಟನ್ನು ಬ್ಲಡ್ ಬ್ಯಾಂಕಿನ ಕೌಂಟರಿನಲ್ಲಿ ಕೂತವರ ಮೇಲೆ ತೀರಿಸಿಕೊಳ್ಳಬೇಡಿ. ತಕರಾರು ಇರುವುದು, ಗಾಯಕ್ಕೆ ಅಂಟಿ ರಕ್ತ ನಿಲ್ಲಿಸುವ ಪುಟ್ಟ ಕಣವಾದ ಪ್ಲೇಟ್‌ಲೆಟ್‌ನಲ್ಲೇ.

ಮೊದಲು ಗಣೇಶನ ಪೆಂಡಾಲಿನ ಲೆಕ್ಕ. ಒಬ್ಬರು ಕೊಟ್ಟ ರಕ್ತವನ್ನು ಹಾಗ್ಹಾಗೇ ಎತ್ತಿಡುವುದಿಲ್ಲ. ಯಂತ್ರದಲ್ಲಿ ಗಿರ್ರನೆ ತಿರುಗಿಸಿ ಪಾಲು ಮಾಡುತ್ತಾರೆ. ಕೆಂಪು ಕಣ 2ರಿಂದ 6 ಡಿಗ್ರಿಯ ಫ್ರಿಜ್ಜಿನಲ್ಲಿ 35 ದಿನ ಬಾಳುತ್ತದೆ, ಜೊತೆಗೆ ಬೆರೆಸುವ ದ್ರಾವಣ ಇನ್ನೂ ಒಳ್ಳೆಯದಾದರೆ 42 ದಿನ. ಪ್ಲಾಸ್ಮಾವನ್ನು, ಅಂದರೆ ರಕ್ತದ ಹಳದಿ ನೀರನ್ನು, ಗಟ್ಟಿಯಾಗಿ ಫ್ರೀಜ್ ಮಾಡಿದರೆ ಒಂದು ವರ್ಷ. ಪ್ಲೇಟ್‌ಲೆಟ್‌ಗೆ ಐದೇ ದಿನ. ಅದರಲ್ಲೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳು ಮುಗಿಯುವ ತನಕ ಚೀಲ ಹೊರಗೆ ಕೊಡುವಂತಿಲ್ಲ. ಉಳಿಯುವ ದಿನ ಇನ್ನೂ ಕಡಿಮೆ. ಇನ್ನೊಂದು ವಿಷಯ ಶಿಬಿರ ಮಾಡುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ರಕ್ತವನ್ನು ಐಸ್ ಪೆಟ್ಟಿಗೆಯಲ್ಲಿ ತಣ್ಣಗೆ ಮಾಡಿ ತಂದರೆ ಅದರಿಂದ ಪ್ಲೇಟ್‌ಲೆಟ್ ತೆಗೆಯುವುದೇ ಇಲ್ಲ. ಕೆಲವೇ ಗಂಟೆಗಳಲ್ಲಿ, ತಂಪು ಮಾಡದೆ, ಬೇರ್ಪಡಿಸುವ ಕಡೆಗೆ ತಲುಪಿಸಬೇಕು. ನಿಮ್ಮ ಇನ್ನೂರು ಜನರ ಕೆಂಪು ಕಣ ಆ ರಾತ್ರಿ ಯಾವುದೋ ಫ್ರಿಜ್ಜಿನಲ್ಲಿ ಇದ್ದಿರಬಹುದು. ಪ್ಲೇಟ್‌ಲೆಟ್ ಮಾತ್ರ ತೆಗೆದಿದ್ದರೂ ಮೊದಲ ವಾರದಲ್ಲೇ ಯಾರಿಗೋ ಸೇರಿದೆ, ಇಲ್ಲವೇ ಅವಧಿ ಮುಗಿದು ಕಸಕ್ಕೆ ಹೋಗಿದೆ.

ಅದನ್ನು ಇಡುವ ಜಾಗ ನೋಡಿದರೆ ನಿಮಗೆ ಆಶ್ಚರ್ಯವಾದೀತು. ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ತಟ್ಟೆಗಳು. ತಟ್ಟೆಯ ಮೇಲೆ ಮಲಗಿಸಿದ ಹಳದಿ ಚೀಲಗಳು. ತಟ್ಟೆಗಳು ಹಗಲೂ ರಾತ್ರಿ ಅತ್ತಿಂದಿತ್ತ ಮೆಲ್ಲಗೆ ಜರುಗುತ್ತಲೇ ಇರುತ್ತವೆ. ಒಳಗಿನ ತಾಪ 20ರಿಂದ 24 ಡಿಗ್ರಿ. ಒಂದು ಕಾಲದ ಬೆಂಗಳೂರಿನಲ್ಲಾದರೆ ಕಿಟಕಿ ತೆರೆದಿಟ್ಟರೆ ಸಾಕಿತ್ತೇನೋ! ಪ್ಲೇಟ್‌ಲೆಟ್ ಚೀಲದೊಳಗೂ ಜೀವಂತವಾಗಿರುತ್ತದೆ, ಉಸಿರಾಡುತ್ತದೆ. ಅದಕ್ಕೇ ಆ ಚೀಲದ ಪ್ಲಾಸ್ಟಿಕ್ಕೇ ಬೇರೆ, ಅದು ಗಾಳಿಯ ಆಮ್ಲಜನಕವನ್ನು ಒಳಗೆ ಬಿಡುತ್ತದೆ. ಅಲ್ಲಾಡಿಸುವುದನ್ನು ನಿಲ್ಲಿಸಿದರೆ ಆಮ್ಲಜನಕ ಸಾಲದೆ ಹುಳಿ ಅಂಶ ಏರುತ್ತದೆ, ಪ್ಲೇಟ್‌ಲೆಟ್ ಕೆಡುತ್ತದೆ. ಕೊಡುವ ಮುಂಚೆ ಟೆಕ್ನಿಷಿಯನ್ ಚೀಲವನ್ನು ಟ್ಯೂಬ್‌ಲೈಟಿಗೆ ಹಿಡಿದು ಮೆತ್ತಗೆ ಓರೆ ಮಾಡುತ್ತಾರೆ. ಒಳಗೆ ಹೊಳಪಿನ ಸುಳಿ ಎದ್ದರೆ ಸರಿ. ರೇಷ್ಮೆ ಸೀರೆಯ ಸೆರಗು ಬೆಳಕಿಗೆ ತಿರುಗಿಸಿದಾಗ ಬಣ್ಣ ಓಡುತ್ತದಲ್ಲ, ಹಾಗೆ. ಚಪ್ಪಟೆ ಆಕಾರ ಉಳಿದಿದ್ದರೆ ಮಾತ್ರ ಆ ಹೊಳಪು. ಗುಂಡಗಾಗಿದ್ದರೆ ಬರೀ ಮಂಕು ನೀರು.

ಇಷ್ಟು ಬೆಚ್ಚಗಿಟ್ಟರೆ ಬ್ಯಾಕ್ಟೀರಿಯಾಕ್ಕೂ ಹಬ್ಬ. ಸೂಜಿ ಚುಚ್ಚುವಾಗ ಚರ್ಮದಿಂದ ಒಂದೆರಡು ಒಳಗೆ ಹೋಗಿದ್ದರೂ ದಿನ ಕಳೆದಂತೆ ಲಕ್ಷಗಟ್ಟಲೆಯಾಗಬಹುದು. ಐದು ದಿನದ ಗಡಿ ಮುಖ್ಯವಾಗಿ ಇದರ ಭಯದಿಂದ ಬಂದದ್ದು.

ಹಾಗಾದರೆ ತಣ್ಣಗೇ ಇಡಬಾರದೇಕೆ? ಮೊದಲು ಹಾಗೇ ಇಡುತ್ತಿದ್ದರು. 1969ರಲ್ಲಿ ಅಮೆರಿಕದ ಮರ್ಫಿ ಮತ್ತು ಗಾರ್ಡ್ನರ್ ಎಂಬ ಇಬ್ಬರು ಎರಡನ್ನೂ ಹೋಲಿಸಿ ನೋಡಿದರು. 4 ಡಿಗ್ರಿಯಲ್ಲಿ ಇಟ್ಟ ಪ್ಲೇಟ್‌ಲೆಟ್ ಮೈಗೆ ಹೋದ ಮೇಲೆ ಬೇಗ ಮಾಯವಾಗುತ್ತಿತ್ತು. 22 ಡಿಗ್ರಿಯಲ್ಲಿ ಇಟ್ಟದ್ದು ದಿನಗಟ್ಟಲೆ ಓಡಾಡಿಕೊಂಡಿತ್ತು. ಅಂದಿನಿಂದ ಬೆಚ್ಚಗಿಡುವ ಪದ್ಧತಿ. ಕಾರಣ ಬಿಡಿಸಲು ಇನ್ನೂ ಮೂರು ದಶಕ ಬೇಕಾಯಿತು. ಪ್ಲೇಟ್‌ಲೆಟ್ ಮೊದಲೇ ಮುಂಗೋಪಿ. ಎಲ್ಲಿ ರಕ್ತನಾಳ ಹರಿದರೂ ಕ್ಷಣದಲ್ಲಿ ಆಕಾರ ಬದಲಿಸಿ ಅಂಟಿಕೊಳ್ಳುವುದೇ ಅದರ ಕೆಲಸ. ಚಳಿ ತಾಕಿದರೂ ಅದು ಹಾಗೇ ಮಾಡುತ್ತದೆ. ಚಪ್ಪಟೆ ಬಿಟ್ಟು ಗುಂಡಾಗುತ್ತದೆ, ಮೈತುಂಬ ಮುಳ್ಳು ಏಳುತ್ತವೆ, ಮೈಮೇಲಿನ ಪ್ರೋಟೀನುಗಳು ಗುಂಪುಗೂಡುತ್ತವೆ. ಲಿವರ್ ಇದನ್ನು ಗುರುತು ಹಿಡಿದು ಹೊರಗೆ ಹಾಕುತ್ತದೆ ಎಂಬುದನ್ನು ಬಾಸ್ಟನ್ನಿನ ಹಾಫ್‌ಮೈಸ್ಟರ್, ಹಾರ್ಟ್‌ವಿಗ್ ಮತ್ತಿತರರು 2003ರಲ್ಲಿ ತೋರಿಸಿದರು.

ತಮಾಷೆ ಏನೆಂದರೆ, ಚಳಿಯಲ್ಲಿಟ್ಟ ಈ ಸಿಡುಕು ಪ್ಲೇಟ್‌ಲೆಟ್ ಅಂಟುವುದರಲ್ಲಿ ಜಾಸ್ತಿ ಚುರುಕು. ಬೇಗ ಮಾಯವಾದರೂ ಅಪಘಾತದಲ್ಲಿ ರಕ್ತ ಸುರಿಯುತ್ತಿರುವವರಿಗೆ ಅಷ್ಟು ಹೊತ್ತೇ ಸಾಕಲ್ಲ? ಹಾಗಾಗಿ ಮಾಮೂಲಿ ಪ್ಲೇಟ್‌ಲೆಟ್ ಸಿಗದಿರುವ ಕಡೆ, ರಕ್ತಸ್ರಾವ ಆಗುತ್ತಿರುವವರಿಗೆ, 14 ದಿನದ ತನಕ ತಣ್ಣಗಿಟ್ಟದ್ದನ್ನು ಕೊಡಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ದಾರಿ ಮಾಡಿಕೊಟ್ಟಿತು. ಕಿದ್ವಾಯಿಯಂಥ ಆಸ್ಪತ್ರೆಯಲ್ಲಿ ಕೀಮೋ ಪಡೆಯುತ್ತಿರುವ ರಕ್ತಕ್ಯಾನ್ಸರ್ ರೋಗಿಗಳ ವಿಷಯ ಬೇರೆ. ಅವರ ಮಜ್ಜೆ ತಾನಾಗಿ ಪ್ಲೇಟ್‌ಲೆಟ್ ಮಾಡುತ್ತಿರುವುದಿಲ್ಲ. ಕೊಟ್ಟದ್ದು ಮೈಯಲ್ಲಿ ದಿನಗಟ್ಟಲೆ ಉಳಿಯಬೇಕು. ಅವರಿಗೆ ಬೆಚ್ಚಗಿನದೇ ಆಗಬೇಕು.

ಈಗ ಫ್ರೀಜ್ ಮಾಡುವ ಪ್ರಶ್ನೆ. ವೀರ್ಯದ ಉದಾಹರಣೆ ಕೊಟ್ಟಿದ್ದೀರಿ. ಈ ಕಥೆ ಶುರುವಾಗಿದ್ದೂ ಅಲ್ಲೇ, ಅದೂ ಹುಂಜದ ವೀರ್ಯದಿಂದ. ಲಂಡನ್ನಿನ ಮಿಲ್ ಹಿಲ್ ಪ್ರಯೋಗಾಲಯದಲ್ಲಿ ಪೋಲ್ಜ್, ಆಡ್ರೆ ಸ್ಮಿತ್, ಪಾರ್ಕ್ಸ್ ಸಕ್ಕರೆ ದ್ರಾವಣ ಬೆರೆಸಿ ಪ್ರಯತ್ನಿಸುತ್ತಿದ್ದರು. ಏನೂ ಉಳಿಯುತ್ತಿರಲಿಲ್ಲ. ಒಂದು ದಿನ ಹಳೆಯ ಬಾಟಲಿಯೊಂದರ ದ್ರಾವಣ ಹಾಕಿದಾಗ ಬದುಕಿತು. ಉಳಿದ ಹನಿಗಳನ್ನು ಪರೀಕ್ಷಿಸಿದರೆ ಅದರಲ್ಲಿ ಸಕ್ಕರೆಯೇ ಇಲ್ಲ, ಇದ್ದದ್ದು ಗ್ಲಿಸರಿನ್. ಬಾಟಲಿ ಅದಲುಬದಲಾಗಿತ್ತು! 1949ರಲ್ಲಿ ಇದು ಪ್ರಕಟವಾಯಿತು, ಮರುವರ್ಷವೇ ಸ್ಮಿತ್ ಅದನ್ನು ಕೆಂಪು ಕಣದ ಮೇಲೂ ಮಾಡಿ ನೋಡಿದರು. ನೀರು ಮಂಜುಗಡ್ಡೆಯಾಗುವಾಗ ಉಳಿದ ನೀರಿನಲ್ಲಿ ಉಪ್ಪಿನಂಶ ಏರಿ ಕಣ ಸಾಯುತ್ತದೆ, ಗ್ಲಿಸರಿನ್ ಅದನ್ನು ತಡೆಯುತ್ತದೆ. ಇವತ್ತು ಅಪರೂಪದ ಗುಂಪಿನ ಕೆಂಪು ಕಣವನ್ನು ಗ್ಲಿಸರಿನ್ ಬೆರೆಸಿ ಹತ್ತು ವರ್ಷ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೆಂಗಳೂರಿನವರಿಗೆ ‘ಬಾಂಬೆ ಗುಂಪು’ ಎಂಬ ಹೆಸರು ಪರಿಚಯ ಇರಬಹುದು, ಅಂಥವರಿಗೆ ಇದು ಆಪದ್ಧನ.

ಪ್ಲೇಟ್‌ಲೆಟ್‌ಗೆ ಗ್ಲಿಸರಿನ್ ಅಷ್ಟಾಗಿ ಒಗ್ಗಲಿಲ್ಲ. ಡಿಎಂಎಸ್‌ಒ ಎಂಬ ಇನ್ನೊಂದು ದ್ರವ ಒಗ್ಗಿತು. ಅದನ್ನು ಬೆರೆಸಿ ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡಬಹುದು. ಡಚ್ ಸೇನೆ ಬೋಸ್ನಿಯಾ, ಅಫ್ಘಾನಿಸ್ತಾನಗಳಿಗೆ ಹೀಗೆ ಹೆಪ್ಪುಗಟ್ಟಿಸಿದ್ದನ್ನೇ ಒಯ್ದಿತ್ತು. ಅಂದರೆ ಆಗುವುದಿಲ್ಲ ಎಂದಲ್ಲ. ಕರಗಿಸುವಾಗ ಒಂದಷ್ಟು ನಷ್ಟವಾಗುತ್ತದೆ, ಉಳಿದದ್ದು ಆಗಲೇ ಕೆರಳಿರುತ್ತದೆ, ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗುಂಡೇಟು ಬಿದ್ದ ಸೈನಿಕನಿಗೆ ಅದು ಸಾಕು.

ನಿಮ್ಮದನ್ನು ನೀವೇ ತೆಗೆಸಿಡುವ ಯೋಚನೆಯೂ ಹೊಸದಲ್ಲ. ಬೇರೆಯವರ ಪ್ಲೇಟ್‌ಲೆಟ್ ಒಗ್ಗದ ರಕ್ತಕ್ಯಾನ್ಸರ್ ರೋಗಿಗಳಿಗೆ, ರೋಗ ಹಿಡಿತದಲ್ಲಿದ್ದಾಗ ಅವರದ್ದನ್ನೇ ತೆಗೆದು ಹೆಪ್ಪುಗಟ್ಟಿಸಿ, ಮುಂದಿನ ಕೀಮೋ ಸಮಯದಲ್ಲಿ ವಾಪಸ್ ಕೊಟ್ಟ ವರದಿ 1978ರಲ್ಲೇ ಬಂದಿದೆ. ಆರೋಗ್ಯವಾಗಿರುವವರು ಡೆಂಗಿ ಭಯಕ್ಕೆ ಹೀಗೆ ಮಾಡಿಸಿಕೊಳ್ಳುವುದು ಮಾತ್ರ ದುಡ್ಡು ದಂಡ. ಯಾರಾದರೂ ಪ್ಯಾಕೇಜ್ ಮಾಡಿ ಮಾರಲು ಬಂದರೆ ಬೇಡ ಅನ್ನಿ.

ಹೊಸ ಕೆಲಸ ನಮ್ಮ ಊರಿನಲ್ಲೂ ನಡೆದಿದೆ. ಜಿಕೆವಿಕೆ ಆವರಣದ ಇನ್‌ಸ್ಟೆಮ್ ಸಂಸ್ಥೆಯ ಪ್ರವೀಣ್ ವೇಮುಲ ಅವರ ತಂಡ ಕೂದಲಿಗಿಂತಲೂ ತೆಳು ಎಳೆಗಳ ಹಾಳೆಯೊಂದನ್ನು ಮಾಡಿತು. ಕೆಂಪು ಕಣ ಚೀಲದಲ್ಲಿ ಹಳೆಯದಾದಂತೆ ಒಡೆದ ಕಣಗಳ ಚೂರು, ಡಿಎನ್‌ಎ ಎಲ್ಲ ಸೇರಿ ಉಳಿದವನ್ನೂ ಕೆಡಿಸುತ್ತವೆ. ಹಾಳೆ ಅದನ್ನು ಹೀರಿಕೊಳ್ಳುತ್ತದೆ, ಕಣದ ಬಾಳಿಕೆ ಹೆಚ್ಚುತ್ತದೆ. 2022ರಲ್ಲಿ ಪ್ರಕಟವಾದ ಕೆಲಸ ಇದು, ಕೆಂಪು ಕಣಕ್ಕೆ ಸಂಬಂಧಿಸಿದ್ದು. ಪ್ಲೇಟ್‌ಲೆಟ್ ಮಟ್ಟಿಗೆ ನನಗೆ ಹೆಚ್ಚು ಕುತೂಹಲ ಇರುವುದು ಜಪಾನಿನ ಕ್ಯೋಟೋ ಕಡೆ. ಅಲ್ಲಿ ಕೊಜಿ ಎಟೊ ತಂಡ ಕಾಂಡಕೋಶದಿಂದ (ಸ್ಟೆಮ್ ಸೆಲ್) ಪ್ಲೇಟ್‌ಲೆಟ್ ಬೆಳೆಸುತ್ತಿದೆ. ಪಾತ್ರೆಯಲ್ಲಿ ಸುಮ್ನೆ ಬಿಟ್ಟರೆ ಫಸಲು ಕಮ್ಮಿ. ದ್ರವವನ್ನು ಚೆನ್ನಾಗಿ ಕಲಕಿ, ಸುಳಿ ಎಬ್ಬಿಸಿದರೆ ಸಿಕ್ಕಾಪಟ್ಟೆ ಬರುತ್ತದೆ ಎಂದು 2018ರಲ್ಲಿ ಕಂಡುಕೊಂಡರು. ಒಬ್ಬ ರೋಗಿಗೆ ಆಕೆಯದೇ ಕಣದಿಂದ ಬೆಳೆಸಿದ್ದನ್ನು ಕೊಟ್ಟೂ ನೋಡಿದ್ದಾರೆ. ಆದರೆ ರಾಜಾಜಿನಗರಕ್ಕೆ ಅದು ಬರುವುದು ಸದ್ಯಕ್ಕಂತೂ ಇಲ್ಲ.

ಈಗ ಆ 18,000ದ ಬಗ್ಗೆ. ಹುಡುಗನ ಹಾಸಿಗೆ ಪಕ್ಕ ನಿಂತ ಡಾಕ್ಟರಿಗೆ ಕಂಡದ್ದು ನನಗೆ ಇಲ್ಲಿಂದ ಕಾಣುವುದಿಲ್ಲ. ಆದರೂ ಎಲ್ಲ ಓದುಗರಿಗೂ ಇದು ಗೊತ್ತಿರಲಿ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ ಕೌಂಟ್ 20,000 ಅಥವಾ ಅದಕ್ಕಿಂತ ಕೆಳಗಿದ್ದ, ರಕ್ತಸ್ರಾವ ಇಲ್ಲದ ಡೆಂಗಿಯ ವಯಸ್ಕ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮುನ್ನೆಚ್ಚರಿಕೆಗಾಗಿ ಪ್ಲೇಟ್‌ಲೆಟ್ ಕೊಟ್ಟರು. ಅದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಲರ್ಜಿಯಂಥ ತೊಂದರೆಗಳೇ ಜಾಸ್ತಿಯಾದವು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿ ಇದು. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಹೋದಾಗ ಯೋಚಿಸಿ ಎಂಬುದು ನಮ್ಮ ದೇಶದ ಸೂಚನೆ. ಡೆಂಗಿಯಲ್ಲಿ ನಿಜವಾಗಿ ಕಾಡುವುದು ರಕ್ತನಾಳದಿಂದ ಪ್ಲಾಸ್ಮಾ ಸೋರಿ ಬಿಪಿ ಕುಸಿಯುವುದು. ಅದೂ ಜ್ವರ ಇಳಿಯುವ ಹೊತ್ತಿಗೆ, ಮನೆಯವರು ‘ಅಬ್ಬಾ, ಕಳೆಯಿತು’ ಅನ್ನುವಾಗ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾಗುವ ಕೈಕಾಲು, ವಿಪರೀತ ಸುಸ್ತು ಕಂಡರೆ ಕೌಂಟ್ ಎಷ್ಟೇ ಇರಲಿ ಆಸ್ಪತ್ರೆಗೆ ಓಡಬೇಕು. ಪರಂಗಿ ಎಲೆಯ ರಸದ ಬಗ್ಗೆ ನೀವು ಕೇಳಿಲ್ಲ, ಮುಂದಿನ ಅಂಚೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ಕೌಂಟ್ ತುಸು ಬೇಗ ಏರಿದೆ. ಅದರಿಂದ ಪ್ರಾಣ ಉಳಿದಿದೆ ಎನ್ನಲು ಆಧಾರ ಇಲ್ಲ.

ನಿಮ್ಮ ಬಡಾವಣೆಯವರಿಗೆ ನನ್ನ ಸಲಹೆ ಒಂದೇ. ಒಂದೇ ದಿನ ಇನ್ನೂರು ಜನ ಬೇಡ. ಪೆಂಡಾಲಿನಲ್ಲೇ ಪಟ್ಟಿ ಮಾಡಿ, ವಾರಕ್ಕೆ ಇಷ್ಟು ಜನ ಎಂದು ಪಾಳಿ ಹಾಕಿ, ಪ್ಲೇಟ್‌ಲೆಟ್ ಮಾತ್ರ ತೆಗೆಯುವ ಯಂತ್ರ ಇರುವ ಕಡೆ ಕಳಿಸಿ. ಒಂದು, ಒಂದೂವರೆ ಗಂಟೆ ಹಿಡಿಯುತ್ತದೆ. ಕೆಂಪು ಕಣ ವಾಪಸ್ ಮೈಗೇ ಬರುತ್ತದೆ. ಹೀಗೆ ಒಬ್ಬರಿಂದ ಸಿಗುವ ಒಂದು ಎಸ್‌ಡಿಪಿ (ಸಿಂಗಲ್ ಡೋನರ್ ಪ್ಲೇಟ್‌ಲೆಟ್) ಚೀಲ, ರಕ್ತ ಪಾಲು ಮಾಡಿ ತೆಗೆದ ಐದಾರು ಚೀಲಕ್ಕೆ ಸಮ. 48 ಗಂಟೆ ಕಳೆದರೆ ಮತ್ತೆ ಕೊಡಬಹುದು, ವರ್ಷಕ್ಕೆ 24 ಸಲದ ತನಕ.

ಕೊನೆಗೆ ಯಜಮಾನರ ಡಿಸ್ಪ್ರಿನ್. ಅದರಲ್ಲಿರುವುದು ಆಸ್ಪಿರಿನ್. ಅಂಟಿಕೊಳ್ಳಲು ಪ್ಲೇಟ್‌ಲೆಟ್‌ಗೆ ಬೇಕಾದ ಒಂದು ಕಿಣ್ವವನ್ನು (ಎನ್‌ಜೈಮ್) ಅದು ಕೆಡಿಸುತ್ತದೆ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ, ಕೆಟ್ಟುಹೋದ ಕಿಣ್ವವನ್ನು ಮತ್ತೆ ಮಾಡಿಕೊಳ್ಳಲು ಬರುವುದಿಲ್ಲ. ಹಾಗಾಗಿ ಒಂದೇ ಮಾತ್ರೆ ತಾಕಿದರೂ ಅದು ಬದುಕಿರುವ ಏಳರಿಂದ ಹತ್ತು ದಿನವೂ ಸರಿಯಾಗಿ ಅಂಟುವುದಿಲ್ಲ. ಹೊಸದು ದಿನಾ ಹುಟ್ಟುವುದರಿಂದ ಮೂರು ದಿನ ಕಾಯಿರಿ ಎನ್ನುತ್ತಾರೆ. ವಾಪಸ್ ಕಳಿಸಿದವರು ಸರಿಯಾಗೇ ಮಾಡಿದ್ದಾರೆ. ಮುಂದಿನ ಸಲ ತಲೆನೋವಿಗೆ ಪ್ಯಾರಸಿಟಮಾಲ್ ತಗೊಳ್ಳಲಿ, ಅದಕ್ಕೆ ಈ ತೊಂದರೆ ಇಲ್ಲ. ಹೃದಯಕ್ಕೆಂದು ಡಾಕ್ಟರ್ ಬರೆದುಕೊಟ್ಟ ಆಸ್ಪಿರಿನ್ ಆಗಿದ್ದರೆ ಮಾತ್ರ ರಕ್ತ ಕೊಡುವ ಸಲುವಾಗಿ ನಿಲ್ಲಿಸುವುದು ಬೇಡ. ಹಾಗೇ, ಡೆಂಗಿ ಇರಬಹುದು ಅನ್ನಿಸಿದ ಯಾವ ಜ್ವರಕ್ಕೂ ಡಿಸ್ಪ್ರಿನ್, ಬ್ರೂಫೆನ್ ಕೊಡಬೇಡಿ.