ಚೆಸ್ ಪಜಲ್‌ನಲ್ಲಿ ಗೆಲ್ಲುವ ನಡೆಯನ್ನು ಹುಡುಕುವುದು ಹೇಗೆ?

ಮೊದಲು ಚೆಕ್ ಕೊಡುವ, ಅಂದರೆ ರಾಜನ ಮೇಲೆ ನೇರ ದಾಳಿ ಮಾಡುವ, ನಡೆಗಳನ್ನು ನೋಡಿ, ಆಮೇಲೆ ಕಾಯಿ ಹೊಡೆಯುವವು, ಕೊನೆಗೆ ಬೆದರಿಕೆ ಒಡ್ಡುವವು. ಚೆಕ್ ಬಿದ್ದರೆ ಎದುರಾಳಿ ಅದನ್ನು ತಪ್ಪಿಸಲೇಬೇಕು. ಉಳಿಯುವ ದಾರಿ ಹೆಚ್ಚಾಗಿ ಒಂದೋ ಎರಡೋ. ಅದರಿಂದಲೇ ಮುಂದಿನ ನಡೆಗಳನ್ನು ತಲೆಯಲ್ಲೇ ಲೆಕ್ಕ ಹಾಕಬಹುದು.

ನಿಮ್ಮದು ಬಿಳಿ, ಕಪ್ಪು ರಾಜ ಎಚ್8ರ ಮೂಲೆಯಲ್ಲಿದ್ದಾನೆ ಅನ್ನಿ (ಬಿಳಿಯ ಕಡೆಯಿಂದ ನೋಡಿದರೆ ಅಕ್ಷರ ಎಡದಿಂದ ಎಣಿಸಿದ ಎ–ಎಚ್ ಕಂಬಸಾಲು, ಅಂಕಿ ಕೆಳಗಿನಿಂದ ಎಣಿಸಿದ ಅಡ್ಡಸಾಲು). ಅವನ ಕಾಲಾಳುಗಳು ಜಿ7, ಎಚ್7ರಲ್ಲಿ, ಆನೆ ಎಫ್8ರಲ್ಲಿ, ಉಳಿದ ಕಾಯಿಗಳು ದೂರ. ಎಫ್7 ಖಾಲಿ. ನಿಮ್ಮ ಕುದುರೆ ಎಚ್6ರಲ್ಲಿದೆ. ರಾಣಿಯನ್ನು ಜಿ8ಕ್ಕೆ ಇಟ್ಟು ಚೆಕ್ ಕೊಡಿ. ಮೇಲ್ನೋಟಕ್ಕೆ ಶುದ್ಧ ಹುಚ್ಚುತನ! ಆದರೆ ಕುದುರೆಯ ಕಾವಲಿರುವುದರಿಂದ ರಾಜ ಅವಳನ್ನು ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು. ಅಲ್ಲಿಗೆ ರಾಜ ತನ್ನದೇ ಕಾಯಿಗಳ ನಡುವೆ ಬಂದಿ. ಕುದುರೆ ಎಫ್7ಕ್ಕೆ ಹಾರಿದರೆ ಮೇಟ್, ಅಂದರೆ ಚೆಕ್‌ನಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ, ಆಟ ಮುಗಿಯಿತು.

ಚೆಕ್ಕೂ ಅಲ್ಲದ, ಹೊಡೆತವೂ ಅಲ್ಲದ ನಡೆಯೇ ಉತ್ತರವಾಗಿರುವ ಪಜಲ್‌ಗಳೂ ಇವೆ. ನನಗೆ ಈಗಲೂ ಅವೇ ಕಷ್ಟ.