ಕುಲುಮೆಯ ಗೋಡೆ ಒಣಗಿದೆಯಾ ಅಂತ ಕೈಯಿಂದ ಮುಟ್ಟಿ ನೋಡಬೇಡಿ

ಮೊದಲು ಬರ್ನರ್ ಆರಿಸಿ, ದೂರ ನಿಲ್ಲಿ. ಉಳಿದದ್ದು ಆಮೇಲೆ ಓದಿ. ಮೊನ್ನೆ ಸುರಿದ ಕ್ಯಾಸ್ಟಬಲ್‌ಗೆ (ನೀರಲ್ಲಿ ಕಲಸಿ ಕುಲುಮೆಯ ಗೋಡೆಗೆ ಸುರಿಯುವ, ಬೆಂಕಿ ತಡೆಯುವ ಸಿಮೆಂಟಿನಂಥ ಮಿಶ್ರಣ) ಇವತ್ತೇ ಬೆಂಕಿ ಕೊಟ್ಟಿದ್ದೀರಿ, ಹೊರಗಿನ ಡ್ರಮ್ಮಿನ ಸಂದುಗಳಿಂದ ಹಬೆ ಬರುತ್ತಿದೆ, ಇನ್ನೂ ಜೋರು ಮಾಡಿದರೆ ಬೇಗ ಒಣಗುತ್ತಾ ಅಂತ ಕೇಳಿದ್ದೀರಿ. ಒಣಗಲ್ಲ, ಸಿಡಿಯುತ್ತದೆ.

ನಾನೂ ಇದನ್ನೇ ಮಾಡಿದ್ದೆ. ನನ್ನ ಮೊದಲ ಕುಲುಮೆಯ ಗೋಡೆ 75 ಮಿ.ಮೀ. ದಪ್ಪ. ನಾಲ್ಕು ದಿನ ನೆರಳಲ್ಲಿಟ್ಟಿದ್ದೆ, ಮೇಲ್ಭಾಗ ಬೆಳ್ಳಗಾಗಿತ್ತು, ಮುಟ್ಟಿದರೆ ಪೂರ್ತಿ ಒಣಗಿದ ಹಾಗೇ ಇತ್ತು. ಬರ್ನರ್ ಹಚ್ಚಿ ಇಪ್ಪತ್ತು ನಿಮಿಷ ಆಗಿರಬಹುದು, ಢಬ್ ಅಂತ ಸದ್ದಾಯಿತು, ತಟ್ಟೆಯಷ್ಟು ಅಗಲದ ಚಕ್ಕೆ ಎದ್ದು ಎದುರಿನ ಬದಿಗೆ ಬಡಿದು ಚೂರಾಯಿತು. ಒಳಗೆ ಬಗ್ಗಿ ನೋಡಿ ಆಗಷ್ಟೇ ಪಕ್ಕಕ್ಕೆ ಸರಿದಿದ್ದೆ. ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ತಣ್ಣಗಾದ ಮೇಲೆ ನೋಡಿದರೆ ಚಕ್ಕೆ ಎದ್ದ ಜಾಗದ ಹಿಂದೆ ಗೋಡೆ ಇನ್ನೂ ಒದ್ದೆ.

ನೀರು ಒಳಗೆ ಸಿಕ್ಕಿಕೊಂಡಿರುತ್ತದೆ. ಆ ಜಾಗ 200 ಡಿಗ್ರಿ ಮುಟ್ಟಿದರೆ ಹಬೆಯ ಒತ್ತಡ ಸುಮಾರು 15 ಬಾರ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 15 ಪಟ್ಟು, 250ಕ್ಕೆ 40ರ ಹತ್ತಿರ. ಹೊಸ ಗೋಡೆ ಅದನ್ನು ಹೇಗೆ ತಡೆಯುತ್ತದೆ?

ಈಗ ನಾನು ಮಾಡುವುದು ಹೀಗೆ. ಸುರಿದ ಮೇಲೆ 24 ಗಂಟೆ ಪ್ಲಾಸ್ಟಿಕ್ ಮುಚ್ಚಿ ತೇವ ಉಳಿಸುತ್ತೇನೆ, ಬಿಸಿಲಿಗೆ ಇಡಲ್ಲ. ತೀರಾ ಚಳಿಯಲ್ಲಿ ಸುರಿಯಲೂ ಬಾರದು, 20 ಡಿಗ್ರಿಗಿಂತ ಕಡಿಮೆಯಲ್ಲಿ ಗಟ್ಟಿಯಾದ ಗೋಡೆಯಿಂದ ಹಬೆ ಹೊರಬರುವುದು ಕಷ್ಟ, ಸಿಡಿಯುವುದು ಜಾಸ್ತಿ. ಆಮೇಲೆ ಒಳಗೆ ಹಳೇ ಕಾಲದ 100 ವ್ಯಾಟ್ ತಂತಿ ಬಲ್ಬ್ ಹಚ್ಚಿ, ಮುಚ್ಚಳ ಸ್ವಲ್ಪ ಸರಿಸಿ, ದಿನಗಟ್ಟಲೆ ಬಿಡುತ್ತೇನೆ. ಎಲ್‌ಇಡಿ ಆಗಲ್ಲ, ಶಾಖ ಸಾಲಲ್ಲ. ದಿನಾ ಬೆಳಿಗ್ಗೆ ಬಲ್ಬ್ ತೆಗೆದು ಇಡೀ ಕುಲುಮೆಯನ್ನು ತಕ್ಕಡಿ ಮೇಲಿಟ್ಟು ತೂಕ ಬರೆದುಕೊಳ್ಳುತ್ತೇನೆ. ಇದೊಂದನ್ನು ಮಾತ್ರ ಬಿಡಬೇಡಿ. ಕೈ ಸುಳ್ಳು ಹೇಳುತ್ತದೆ, ತೂಕ ಹೇಳಲ್ಲ. ಎಷ್ಟು ಲೀಟರ್ ನೀರು ಹಾಕಿದ್ದು ಅಂತ ಗೊತ್ತಿದ್ದರೆ ಎಷ್ಟು ಉಳಿದಿದೆ ಅಂತಲೂ ಗೊತ್ತಾಗುತ್ತದೆ ಅಲ್ವಾ. ಆದರೆ ಹಾಕಿದ ನೀರೆಲ್ಲಾ ಬಲ್ಬಿನ ಶಾಖಕ್ಕೇ ಹೋಗಲ್ಲ, ಒಂದು ಪಾಲು ಸಿಮೆಂಟಿನ ಜೊತೆ ಕೂಡಿಕೊಂಡಿರುತ್ತದೆ, ಅದು ಬಿಡುವುದು ಹೆಚ್ಚಾಗಿ 200ರಿಂದ 350 ಡಿಗ್ರಿ ನಡುವೆ.

ತೂಕ ಇಳಿಯುವುದು ನಿಂತ ಮೇಲೆ ಎಲೆಕ್ಟ್ರಿಕ್ ಕಾಯಿಲ್ ಇಟ್ಟು 110 ಡಿಗ್ರಿಯಲ್ಲಿ ರಾತ್ರಿಯಿಡೀ ನಿಲ್ಲಿಸುತ್ತೇನೆ. ಗೋಡೆಯ ಪ್ರತಿ 25 ಮಿ.ಮೀ. ದಪ್ಪಕ್ಕೆ ಒಂದು ಗಂಟೆ ಸಾಕು ಅನ್ನುವವರಿದ್ದಾರೆ, ನಾನು ಒಪ್ಪಲ್ಲ. ಆಮೇಲೆ ಗಂಟೆಗೆ 20-25 ಡಿಗ್ರಿ ಏರಿಸಿ 250ಕ್ಕೆ ಒಮ್ಮೆ, 350ಕ್ಕೆ ಒಮ್ಮೆ ನಿಲ್ಲಿಸಬೇಕು. ಹಬೆ ಕಂಡರೆ ಅಲ್ಲೇ ನಿಲ್ಲಿಸಿ, ಮೇಲೆ ಹೋಗಬೇಡಿ. 550 ದಾಟಿದ ಮೇಲೆ ಸ್ವಲ್ಪ ವೇಗ ಮಾಡಬಹುದು. ಚೀಲದ ಜೊತೆ ಬಂದ ಹಾಳೆ ಇದಕ್ಕಿಂತ ನಿಧಾನ ಅಂದರೆ ಹಾಳೆಯ ಮಾತೇ ಕೇಳಿ.

ಗೋಡೆ ಒಣಗಿದೆಯಾ ಅಂತ ತಿಳಿಯಲು ಕುಲುಮೆಯ ಬಾಯಿಗೆ ಕನ್ನಡಿ ಹಿಡಿದು ಮಂಜು ಕೂರುತ್ತಾ ನೋಡಿ ಅಂತ ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ಬಲ್ಬ್, ಕಾಯಿಲ್ ಇದ್ದಾಗ ಸರಿ. ಗ್ಯಾಸ್ ಉರಿಯುವಾಗ ನಂಬಬೇಡಿ, ಗ್ಯಾಸ್ ಉರಿದರೇ ನೀರಾವಿ ಬರುತ್ತದೆ, ಗೋಡೆ ಒಣಗಿದ್ದರೂ ಕನ್ನಡಿ ಮಂಜಾಗುತ್ತದೆ.

ಇನ್ನೊಂದು, ನಿಮ್ಮ ಫೋಟೋದಲ್ಲಿ ಡ್ರಮ್ಮಿಗೆ ಒಂದೂ ತೂತಿಲ್ಲ. ಸುತ್ತಲೂ ಸಣ್ಣ ತೂತು ಕೊರೆಯಿರಿ, ಹಬೆ ಹಿಂದಕ್ಕೂ ಹೋಗುತ್ತದೆ. ಮುಂದಿನ ಸಲ ಪಾಲಿಪ್ರೊಪಿಲೀನ್ ನಾರು ಸೇರಿಸಿದ ಮಿಶ್ರಣ ತನ್ನಿ, ಅದು 160 ಡಿಗ್ರಿ ಆಸುಪಾಸಿನಲ್ಲಿ ಕರಗಿ ಹಬೆಗೆ ದಾರಿ ಬಿಡುತ್ತದೆ. ಬ್ರ್ಯಾಂಡ್ ಕೇಳಿದ್ದೀರಿ. ಕಾಸ್ಟ್-ಓ-ಲೈಟ್ 30 ಹಗುರ, ಶಾಖ ಉಳಿಸುತ್ತದೆ, ಮೊದಲ ಸಲಕ್ಕೆ ನಾನು ಅದನ್ನೇ ಹೇಳುತ್ತೇನೆ. ಮಿಜೂ ಅನ್ನುವ ಇನ್ನೊಂದು ದಟ್ಟ, ಲೋಹದ ಕೆಲಸಕ್ಕೆ ಬಳಸುವ ಬೊರಾಕ್ಸ್ ಪುಡಿ ತಾಗಿದರೂ ಚೆನ್ನಾಗಿ ತಡೆದುಕೊಳ್ಳುತ್ತದೆ, ಆದರೆ ಒಣಗಿಸಲು ತಾಳ್ಮೆ ಬೇಕು. ಮನೆ ಕಟ್ಟುವ ಮಾಮೂಲಿ ಸಿಮೆಂಟು, ಮರಳು ಮಾತ್ರ ದಯವಿಟ್ಟು ಬೇಡ. ನೀರನ್ನೂ ಅಳೆದು ಹಾಕಿ, ಕಲಸಲು ಸುಲಭ ಅಂತ ಸುಮ್ನೆ ಸುರಿಯಬೇಡಿ.

ಪೂರ್ತಿ ತಣ್ಣಗಾದ ಮೇಲೆ ಒಳಗಡೆಯ ಫೋಟೋ ಹಾಕಿ. ಕೂದಲೆಳೆ ಬಿರುಕಿದ್ದರೆ ಪರವಾಗಿಲ್ಲ. ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಟೊಳ್ಳು ಸದ್ದು ಬಂದ ಭಾಗವನ್ನು ಕಿತ್ತು ಮತ್ತೆ ಹಾಕಬೇಕಾಗುತ್ತದೆ.